ತಿರುಪಿಗೆ ಕೈ ಹಚ್ಚುವ ಮುನ್ನ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಪಿಸ್ತೂಲ್ ಅಭ್ಯಾಸ ಮಾಡುವವರು ಬೆಳಿಗ್ಗೆ ಆರಕ್ಕೆ ಶುರುಮಾಡಿ ಒಂಬತ್ತಕ್ಕೆ ಮುಗಿಸಿಬಿಡಬೇಕು. ಆಮೇಲೆ ತಗಡಿನ ಛಾವಣಿ ಕಾದು, ಅಂಗೈ ಬೆವೆತು, ಮರದ ಹಿಡಿ ಸಾಬೂನಿನಂತೆ ಜಾರತೊಡಗುತ್ತದೆ. ಅಂಥದೊಂದು ಬೆಳಿಗ್ಗೆ ಬೀದರಿನ ಹುಡುಗನೊಬ್ಬ ಹತ್ತು ಮೀಟರ್ ಏರ್ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದ. ಹಿಂದಿನ ಸಂಜೆ ಹುಮನಾಬಾದ್ ಮಾರ್ಗದ ಬಸ್ಸಿನಲ್ಲಿ ಹೊರಟು ಬಂದು ನೆಂಟರ ಮನೆಯಲ್ಲಿ ಮಲಗಿದ್ದನಂತೆ.

"ಸರ್, ಪಿಸ್ತೂಲು ಕೆಟ್ಟಿದೆ. ಹದಿನೈದು ದಿನದ ಹಿಂದೆ ನಡುವಿಗೇ ಬೀಳುತ್ತಿತ್ತು. ಈಗ ಎಡಕ್ಕೆ ಹೋಗುತ್ತಿದೆ."

"ಸೈಟಿನ ತಿರುಪು ತಿರುಗಿಸಿದೆಯೇನು?"

"ತಿರುಗಿಸಿದೆ ಸರ್."

"ಎಷ್ಟು ಕ್ಲಿಕ್?"

ತಿರುಪು ಒಂದೊಂದು ಹಂತ ತಿರುಗಿದಾಗಲೂ ಕ್ಲಿಕ್ ಎನ್ನುತ್ತದೆ, ಅದೇ ಅದರ ಅಳತೆ. ಹುಡುಗ ಸುಮ್ಮನಾದ. ಮೊದಲ ದಿನ ಬಲಕ್ಕೆ, ಮರುದಿನ ಎಡಕ್ಕೆ, ಆಮೇಲೆ ಮೇಲಕ್ಕೆ; ವಾರವಿಡೀ ತಿರುಗಿಸಿದ್ದಾನೆ, ಎಲ್ಲಿಯೂ ಬರೆದಿಟ್ಟಿಲ್ಲ. ಬರುವಾಗ ಪಿಸ್ತೂಲಿಗೆ ಏನು ರೋಗವಿತ್ತೋ ಗೊತ್ತಿಲ್ಲ, ಈಗಂತೂ ಎರಡು ರೋಗ. ನಾನು ಮೊದಲು ಮಾಡಿದ ಕೆಲಸವೆಂದರೆ ಅವನ ಕೈಯಿಂದ ಸ್ಕ್ರೂಡ್ರೈವರ್ ಕಸಿದು ನನ್ನ ಜೇಬಿಗೆ ಹಾಕಿಕೊಂಡದ್ದು.

ಮುಂದಕ್ಕೆ ಹೋಗುವ ಮೊದಲು ಒಂದು ಪದದ ಬಗ್ಗೆ. ನಮ್ಮೂರಿನಲ್ಲಿ ಸೈಟ್ ಎಂದರೆ ಮೂವತ್ತು–ನಲವತ್ತರ ನಿವೇಶನ. ನನ್ನ ಸೈಟ್ ಸರಿಯಾಗಿಲ್ಲ ಎಂದು ಫೋನಿನಲ್ಲಿ ಹೇಳುವುದನ್ನು ಕೇಳಿದ ನೆರೆಯವರು, ದಾಖಲೆಯಲ್ಲಿ ಏನಾದರೂ ತಕರಾರೇ ಎಂದು ಕಾಳಜಿಯಿಂದ ವಿಚಾರಿಸಿದ್ದುಂಟು. ಪಿಸ್ತೂಲಿನಲ್ಲಿ ಸೈಟುಗಳು ಎರಡು. ಬ್ಯಾರೆಲಿನ ತುದಿಯಲ್ಲಿ ನೆಟ್ಟಗೆ ನಿಂತ ಕಪ್ಪು ಪಟ್ಟಿ ಫೋರ್‌ಸೈಟ್. ಕಣ್ಣಿನ ಕಡೆಗಿರುವ, ಚೌಕ ಕಚ್ಚು ಕೊರೆದ ತಗಡು ಬ್ಯಾಕ್‌ಸೈಟ್. ಪೊಲೀಸರೂ ಎನ್‌ಸಿಸಿ ಹುಡುಗರೂ ಹೀಗೆಯೇ ಕರೆಯುತ್ತಾರೆ, ನಾವೂ ಹಾಗೆಯೇ ಕರೆಯೋಣ. ಪಟ್ಟಿ ಕಚ್ಚಿನ ನಡುವೆ ನಿಲ್ಲಬೇಕು, ಎರಡೂ ಬದಿಯಲ್ಲಿ ಸಮನಾಗಿ ಬೆಳಕು ಕಾಣಬೇಕು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಶಹಾಬಾದ್ ಕಲ್ಲು ಹಾಸುವ ಮೇಸ್ತ್ರಿ ರಸಮಟ್ಟದ ಗುಳ್ಳೆಯನ್ನು ನೋಡುವಂತೆ ಇದನ್ನು ನೋಡಬೇಕು. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು, ಹಾಗಾಗಿ ಫೋರ್‌ಸೈಟ್ ಚೂಪಾಗಿ ಕಾಣಬೇಕು, ಅದರಾಚೆಯ ಗುರಿಪಟ ಮಬ್ಬಾಗಿದ್ದರೆ ಚಿಂತೆಯಿಲ್ಲ.

ಈ ಚಿತ್ರ ಸರಿಯಾಗಿ ಮೂಡಿದ ಕ್ಷಣದಲ್ಲಿ ಟ್ರಿಗರ್ ಒತ್ತಿದರೆ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಗುರಿಪಟದ ನಟ್ಟನಡುವಿನ ಹತ್ತರ ಉಂಗುರಕ್ಕೆ ಬೀಳುವಂತೆ ಬ್ಯಾಕ್‌ಸೈಟನ್ನು ಸರಿಸಿ ಕೂರಿಸುವುದೇ ಜೀರೋ ಮಾಡುವುದು. ಕೇಳಲು ಸರಳ. ಆದರೆ ಕಣ್ಣಿನ ಗೆರೆ ಬೇರೆ, ಪೆಲೆಟ್ಟಿನ ದಾರಿ ಬೇರೆ. ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುವ ಪೆಲೆಟ್ ಹತ್ತು ಮೀಟರ್ ದಾಟುವಷ್ಟರಲ್ಲಿ ತನ್ನ ಭಾರಕ್ಕೆ 22 ಮಿಲಿಮೀಟರಿನಷ್ಟು ಕೆಳಗಿಳಿದಿರುತ್ತದೆ. ಸೈಟುಗಳು ಬ್ಯಾರೆಲಿಗಿಂತ ಮೇಲಿರುತ್ತವೆ. ಇದರ ಮೇಲೆ, ಹೆಚ್ಚಿನವರು ಕಪ್ಪು ವೃತ್ತದ ನಡುವಿಗೆ ಗುರಿಯಿಡುವುದೂ ಇಲ್ಲ. ಕಪ್ಪು ಪಟ್ಟಿಯನ್ನು ಕಪ್ಪು ವೃತ್ತದ ಮೇಲಿಟ್ಟರೆ ಎರಡೂ ಒಂದರಲ್ಲೊಂದು ಕರಗಿಹೋಗುತ್ತವೆ. ಆದ್ದರಿಂದ ವೃತ್ತದ ಕೆಳಗಿನ ಬಿಳಿ ಜಾಗದಲ್ಲಿ ಹಿಡಿಯುತ್ತಾರೆ. ಕಪ್ಪು ವೃತ್ತದ ವ್ಯಾಸ 59.5 ಮಿಲಿಮೀಟರ್. ಅದರ ಅಂಚಿನಿಂದ ಎರಡು ಸೆಂಟಿಮೀಟರ್ ಕೆಳಗೆ ಹಿಡಿಯುವವನ ಪಿಸ್ತೂಲು ಅವನು ನೋಡುವ ಜಾಗಕ್ಕಿಂತ ಐದು ಸೆಂಟಿಮೀಟರ್ ಮೇಲೆ ಹೊಡೆಯಬೇಕು. ಅಂಚಿಗೇ ಹಿಡಿಯುವ ಗೆಳೆಯ ಅದೇ ಪಿಸ್ತೂಲನ್ನು ಎತ್ತಿಕೊಂಡು ಹೊಡೆದರೆ ಎಲ್ಲವೂ ಎರಡು ಸೆಂಟಿಮೀಟರ್ ಮೇಲೆ ಹೋಗುತ್ತವೆ. ಅವನು "ನಿನ್ನ ಜೀರೋ ತಪ್ಪಿದೆ" ಎನ್ನುತ್ತಾನೆ, ಒಳ್ಳೆಯ ಮನಸ್ಸಿನಿಂದ ತಾನೇ ತಿರುಪು ತಿರುಗಿಸಿಯೂ ಕೊಡುತ್ತಾನೆ. ಇಂಥ ಉಪಕಾರಿಗಳಿಂದ ಹಾಳಾದ ಜೀರೋಗಳು ಬಸ್ಸಿನ ಕುಲುಕಾಟಕ್ಕೆ ಹಾಳಾದವಕ್ಕಿಂತ ಹೆಚ್ಚು. ಜೀರೋ ಎನ್ನುವುದು ಕನ್ನಡಕದಂತೆ, ಒಬ್ಬರದು ಇನ್ನೊಬ್ಬರಿಗೆ ಬಾರದು.

ಕಲಬುರಗಿ ಕೋಟೆಯ ತೋಪಿನ ಉದ್ದ 29 ಅಡಿ ಎನ್ನುತ್ತಾರೆ. ನಮ್ಮ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವಿನ ಅಂತರ ಒಂದಡಿ ಚಿಲ್ಲರೆ, 33 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗುರಿಪಟ ಇರುವುದು ಹತ್ತು ಮೀಟರ್ ದೂರದಲ್ಲಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 30 ಬರುತ್ತದೆ. ಈ ಮೂವತ್ತನ್ನು ಮರೆಯಬೇಡಿ. ಪಟ್ಟಿ ಕಚ್ಚಿನ ನಡುವಿನಿಂದ ಒಂದು ಮಿಲಿಮೀಟರ್ ಸರಿದರೆ ಗುರಿಪಟದಲ್ಲಿ 30 ಮಿಲಿಮೀಟರ್ ತಪ್ಪು. ಒಂದು ಉಂಗುರದಿಂದ ಮುಂದಿನದಕ್ಕೆ ಇರುವುದು ಎಂಟೇ ಮಿಲಿಮೀಟರ್, ಹತ್ತರ ಉಂಗುರದ ವ್ಯಾಸವೇ 11.5 ಮಿಲಿಮೀಟರ್. ಅರ್ಧ ಮಿಲಿಮೀಟರ್ ಸರಿದರೂ ಹೆಚ್ಚುಕಡಿಮೆ ಎರಡು ಉಂಗುರದಷ್ಟು ಆಚೆ ಹೋದಂತೆ. ಅದೇ, ಸೈಟುಗಳ ಹೊಂದಾಣಿಕೆ ಕೆಡದೆ ಇಡೀ ತೋಳು ಐದು ಮಿಲಿಮೀಟರ್ ಅಲುಗಿದರೆ ತಪ್ಪುವುದು ಆ ಐದು ಮಿಲಿಮೀಟರ್ ಮಾತ್ರ. ಕೈ ನಡುಗುತ್ತದೆ ಎಂದು ಅಳುವ ಹೊಸಬರಿಗೆ ಈ ಲೆಕ್ಕ ತೋರಿಸುತ್ತೇನೆ. ನಡುಕ ಎಲ್ಲರಿಗೂ ಇದೆ. ಅಂಕ ತಿನ್ನುವುದು ಮಣಿಕಟ್ಟಿನ ಕೊಂಕು.

ಇನ್ನು ಜೀರೋ ಮಾಡುವ ಕ್ರಮ. ಒಂದು ಹೊಡೆತ ಎಡಕ್ಕೆ ಬಿದ್ದ ಕೂಡಲೇ ತಿರುಪಿಗೆ ಕೈಹಾಕುವುದು ಒಂದು ಕಾಳು ಅಗಿದು ಇಡೀ ಅನ್ನ ಬೆಂದಿದೆ ಎಂದಂತಲ್ಲ. ಅನ್ನದ ಅಗುಳುಗಳೆಲ್ಲ ಒಂದೇ ರೀತಿ ಬೇಯುತ್ತವೆ, ಹೊಡೆತಗಳು ಹಾಗಲ್ಲ. ಮೊದಲು ಗ್ರೂಪಿಂಗ್ ಆಗಬೇಕು. ತಿರುಪು ಮುಟ್ಟದೆ, ಒಂದೇ ಚಿತ್ರ ಹಿಡಿದು, ಕನಿಷ್ಠ ಹತ್ತು ಹೊಡೆತ. ಆ ತೂತುಗಳ ಗುಂಪಿನ ನಡುವನ್ನು ಎನ್‌ಸಿಸಿಯಲ್ಲಿ ಎಂಪಿಐ ಎನ್ನುತ್ತಾರೆ. ತಿರುಪಿನ ನಿರ್ಧಾರ ಆಗಬೇಕಾದದ್ದು ಆ ನಡುವನ್ನು ನೋಡಿ. ಹತ್ತೇ ಏಕೆ, ಮೂರು ಸಾಲದೇ ಎಂದರೆ ಲೆಕ್ಕ ಹೀಗಿದೆ: ನಿಮ್ಮ ಹೊಡೆತಗಳು ಅಡ್ಡಕ್ಕೆ ನಡುವಿನಿಂದ ಸಾಮಾನ್ಯವಾಗಿ 15 ಮಿಲಿಮೀಟರ್ ಆಚೀಚೆ ಚದುರುತ್ತವೆ ಎಂದುಕೊಳ್ಳಿ. ಮೂರು ಹೊಡೆತದ ಸರಾಸರಿ ಬರಿಯ ಆಕಸ್ಮಿಕದಿಂದಲೇ ಎಂಟೊಂಬತ್ತು ಮಿಲಿಮೀಟರ್ ಸರಿದಿರಬಹುದು. ಐದು ಹೊಡೆತಕ್ಕೆ ಅದು ಏಳಕ್ಕೆ, ಹತ್ತಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಮೂರು ಹೊಡೆತ ನೋಡಿ ಸೈಟ್ ಸರಿಸುವವನು ಇಲ್ಲದ ತಪ್ಪನ್ನು ತಿದ್ದಿ, ಇರುವ ಸರಿಯನ್ನು ಕೆಡಿಸುವ ಸಾಧ್ಯತೆಯೇ ಜಾಸ್ತಿ. ಬೀದರಿನ ಹುಡುಗ ವಾರವಿಡೀ ಮಾಡಿದ್ದು ಇದನ್ನೇ.

ಹೊಡೆತ ಬಿಟ್ಟ ಕೂಡಲೇ, ಗುರಿಪಟ ನೋಡುವ ಮೊದಲು, ಎಲ್ಲಿ ಬಿದ್ದಿತು ಎಂದು ಬಾಯಿಬಿಟ್ಟು ಹೇಳಿ. "ಒತ್ತುವಾಗ ಪಟ್ಟಿ ಬಲಕ್ಕೆ ಸರಿಯಿತು, ಎಂಟು" ಎಂದಿರಿ, ತೂತು ಬಲಕ್ಕೆ ಎಂಟರಲ್ಲೇ ಇದೆ. ಅದು ಸತ್ಯ ನುಡಿದ ಹೊಡೆತ. ಅದನ್ನು ಜೀರೋ ಲೆಕ್ಕದಿಂದ ಬಿಡಬಹುದು. "ಹತ್ತೇ ಇರಬೇಕು" ಎಂದದ್ದು ಮತ್ತೆ ಮತ್ತೆ ಎಡಕ್ಕೆ ಬೀಳುತ್ತಿದ್ದರೆ ಮಾತ್ರ ಸೈಟನ್ನು ವಿಚಾರಿಸಬೇಕು.

ದಿಕ್ಕಿನ ನಿಯಮ ಎರಡೇ ಮಾತು. ಹೊಡೆತ ಯಾವ ಕಡೆಗೆ ಹೋಗಬೇಕೋ ಬ್ಯಾಕ್‌ಸೈಟ್ ಆ ಕಡೆಗೆ, ಫೋರ್‌ಸೈಟ್ ಅದಕ್ಕೆ ವಿರುದ್ಧ. ಗೊಂದಲವಿರುವುದು ತಿರುಪಿನ ಮೇಲಿನ ಅಕ್ಷರಗಳಲ್ಲಿ. ಕೆಲವು ಪಿಸ್ತೂಲುಗಳಲ್ಲಿ ಬಾಣದ ಗುರುತು ಹೊಡೆತ ಎತ್ತ ಸರಿಯಲಿದೆ ಎಂದು ಹೇಳುತ್ತದೆ. ಜರ್ಮನ್ ಪದ್ಧತಿಯ ಹಲವು ಪಿಸ್ತೂಲುಗಳಲ್ಲಿ ಇದು ತಿರುವುಮುರುವು: ಎಚ್ ಎಂದರೆ ಎತ್ತರ, ಟಿ ಎಂದರೆ ತಗ್ಗು, ಮತ್ತು ಹೊಡೆತ ಈಗಾಗಲೇ ಎತ್ತರಕ್ಕೆ ಹೋಗುತ್ತಿದ್ದರೆ ಎಚ್ ಕಡೆಗೆ ತಿರುಗಿಸು ಎಂಬುದು ಅದರ ಅರ್ಥ. ಹಳೆಯ ಪಿಸ್ತೂಲು ಮಾರಿ ಹೊಸದು ಕೊಂಡವರು ಮೊದಲ ದಿನ ಎಡವುವುದು ಇಲ್ಲಿಯೇ. ಅಕ್ಷರವನ್ನು ನಂಬದೆ ಹೊಡೆದು ನೋಡಿ. ಪಿಸ್ತೂಲನ್ನು ಮೆತ್ತನೆಯ ಚೀಲದ ಮೇಲೆ ಊರಿ ಐದು ಹೊಡೆತ ಬಿಡಿ, ಒಂದೇ ದಿಕ್ಕಿಗೆ ಹತ್ತು ಕ್ಲಿಕ್ ತಿರುಗಿಸಿ ಇನ್ನೈದು ಬಿಡಿ. ಎರಡು ಗುಂಪುಗಳ ನಡುವಿನ ದೂರವನ್ನು ಹತ್ತರಿಂದ ಭಾಗಿಸಿದರೆ ಒಂದು ಕ್ಲಿಕ್ಕಿನ ಬೆಲೆ ಸಿಗುತ್ತದೆ, ದಿಕ್ಕೂ ಖಾತ್ರಿಯಾಗುತ್ತದೆ. ಆಮೇಲೆ ತಿರುಪನ್ನು ಒಂದು ತುದಿಯವರೆಗೆ ಮೆಲ್ಲಗೆ, ಬಲ ಹಾಕದೆ, ಎಣಿಸುತ್ತ ತಿರುಗಿಸಿ. ಎಷ್ಟನೆಯ ಕ್ಲಿಕ್ಕಿನಲ್ಲಿ ನಿಮ್ಮ ಜೀರೋ ಇದೆ ಎಂದು ಬರೆದುಕೊಂಡು ಹಿಂದಕ್ಕೆ ತನ್ನಿ. ಹಳೆಯ ತಿರುಪುಗಳಲ್ಲಿ ಪ್ಲೇ ಇರುತ್ತದೆ. ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಕ್ಲಿಕ್ ಶಬ್ದ ಮಾತ್ರ ಮಾಡಿ ಸೈಟನ್ನು ಸರಿಸುವುದಿಲ್ಲ. ಆದ್ದರಿಂದ ಬೇಕಾದ ಜಾಗವನ್ನು ಸ್ವಲ್ಪ ದಾಟಿ ಹೋಗಿ, ಯಾವಾಗಲೂ ಒಂದೇ ಕಡೆಯಿಂದ ಮರಳಿ ಬನ್ನಿ.

ಚೀಲದ ಮೇಲೆ ಊರಿ ಹೊಡೆಯುವುದು ಪಿಸ್ತೂಲನ್ನು ಪರೀಕ್ಷಿಸಲಿಕ್ಕೆ ಮಾತ್ರ. ಅಂತಿಮ ಜೀರೋ ನಿಂತೇ, ಒಂಟಿ ಕೈಯಲ್ಲೇ, ಪಂದ್ಯದ ಬೂಟು–ಕನ್ನಡಕ ಹಾಕಿಕೊಂಡೇ ಆಗಬೇಕು. ಕುಳಿತು ಮಾಡಿದ ಜೀರೋ ನಿಂತಾಗ ಬಹುತೇಕ ಬೇರೆಯೇ ಆಗಿರುತ್ತದೆ, ಏಕೆಂದರೆ ಹಿಡಿಯ ಮೇಲಿನ ಒತ್ತಡವೂ ತಲೆಯ ಕೋನವೂ ಬದಲಾಗಿರುತ್ತವೆ.

ಈಗ ಹುಡುಗನ ದೂರಿಗೆ ಬರೋಣ. ನಿನ್ನೆ ಸರಿಯಿದ್ದದ್ದು ಇಂದು ಏಕೆ ಕೆಟ್ಟಿತು? ಉತ್ತರ ಅರ್ಧಕ್ಕರ್ಧ ಗುರಿಪಟದ ಮೇಲೆಯೇ ಬರೆದಿರುತ್ತದೆ. ಗುಂಪು ಮೊದಲಿನಷ್ಟೇ ಬಿಗಿಯಾಗಿದ್ದು ಜಾಗ ಮಾತ್ರ ಬದಲಾಗಿದ್ದರೆ, ಯಾವುದೋ ಒಂದು ಸರಿದು ಹೊಸ ಜಾಗದಲ್ಲಿ ಗಟ್ಟಿಯಾಗಿ ಕುಳಿತಿದೆ: ಸೈಟ್, ಹಿಡಿಯ ಅಂಗೈ ಪಟ್ಟಿ, ಕನ್ನಡಕ, ದೀಪದ ಬೆಳಕು. ನಡು ಅಲ್ಲೇ ಇದ್ದು ಗುಂಪು ಹರಡಿದ್ದರೆ ಪೆಲೆಟ್, ಬ್ಯಾರೆಲಿನ ಬಾಯಿ, ಗಾಳಿ ಸೋರದಂತೆ ತಡೆಯುವ ಸೀಲು, ಇಲ್ಲವೇ ನಿದ್ದೆಗೆಟ್ಟ ಶೂಟರ್. ಮೇಲಿಂದ ಕೆಳಕ್ಕೆ ದಾರದಂತೆ ಉದ್ದುದ್ದ ಹರಡಿದ್ದರೆ ವೇಗ ಏರುಪೇರಾಗುತ್ತಿದೆಯೇ ನೋಡಿ. ಒಂದರ ಬದಲು ಎರಡು ಪುಟ್ಟ ಗುಂಪುಗಳಿದ್ದರೆ ಏನೋ ಎರಡು ಸ್ಥಾನಗಳ ನಡುವೆ ಓಲಾಡುತ್ತಿದೆ, ಅಥವಾ ಎರಡು ಬಗೆಯ ಪೆಲೆಟ್ ಒಂದೇ ಡಬ್ಬಿಯಲ್ಲಿ ಕಲೆತಿವೆ.

ದೂರು ಯಂತ್ರದ್ದೋ ಮನುಷ್ಯನದೋ ಎಂದು ಬೇರ್ಪಡಿಸಲು ಊರಿ ಹೊಡೆಯಬೇಕು, ಬೇರೆಯವರ ಕೈಗೂ ಕೊಟ್ಟು ನೋಡಬೇಕು. ಬೇರೆಯವರು ಹೊಡೆದಾಗ ಗುಂಪಿನ ಗಾತ್ರ ನೋಡಿ, ಜಾಗ ನೋಡಬೇಡಿ. ಜಾಗ ಏಕೆ ಬದಲಾಗುತ್ತದೆ ಎಂದು ಆಗಲೇ ಹೇಳಿದೆ. ಎಲ್ಲ ತಪ್ಪನ್ನೂ ಶೂಟರ್ ತಲೆಗೆ ಕಟ್ಟುವ ತರಬೇತುದಾರರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಹತ್ತು ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲೇ ಕೈಕೊಟ್ಟು, ಸರಿಪಡಿಸುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದು, 575 ಅಂಕದೊಂದಿಗೆ ಅವರು 12ನೆಯವರಾದರು. ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಪಿಸ್ತೂಲು ಕೆಟ್ಟಿದೆ ಎಂಬುದು ಯಾವಾಗಲೂ ನೆಪವಲ್ಲ. ಅವರೇ 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು.

ಗಾಳಿಯ ಒತ್ತಡದಿಂದ ಶುರುಮಾಡಿ. ಸಿಲಿಂಡರಿನ ಪಿಸ್ತೂಲುಗಳನ್ನು ಸಾಮಾನ್ಯವಾಗಿ 200 ಬಾರ್‌ವರೆಗೆ ತುಂಬುತ್ತಾರೆ. ಒಳಗಿನ ರೆಗ್ಯುಲೇಟರ್ ಬಹಳ ಹೊತ್ತು ವೇಗವನ್ನು ಒಂದೇ ಮಟ್ಟದಲ್ಲಿ ಇಡುತ್ತದೆ, ಒತ್ತಡ ಒಂದು ಮಿತಿಗಿಂತ ಇಳಿದಾಗ ಕೈಬಿಡುತ್ತದೆ. ವೇಗ 150ರಿಂದ 120 ಮೀಟರಿಗೆ ಇಳಿದರೆ ಪೆಲೆಟ್ ಮೊದಲಿಗಿಂತ ಸುಮಾರು 12 ಮಿಲಿಮೀಟರ್ ಕೆಳಗೆ ಬೀಳುತ್ತದೆ, ಅಂದರೆ ಒಂದೂವರೆ ಉಂಗುರ. ಇದನ್ನು ಸೈಟ್ ಮೇಲೆತ್ತಿ ಸರಿಪಡಿಸಿದವರು ಮರುದಿನ ಸಿಲಿಂಡರ್ ತುಂಬಿಸಿಕೊಂಡು ಬಂದು, ಈಗ ಮೇಲೆ ಹೋಗುತ್ತಿದೆ ಎಂದು ಮತ್ತೆ ತಲೆ ಕೆರೆದುಕೊಳ್ಳುತ್ತಾರೆ. ಬಿಸಿಲಿಗೆ ಕಾದ ಸಿಲಿಂಡರಿನ ಮುಳ್ಳು ಹೆಚ್ಚು ಒತ್ತಡ ತೋರಿಸುತ್ತದೆ, ನೆರಳಲ್ಲಿ ತಣಿದ ಮೇಲೆ ಇಳಿಯುತ್ತದೆ. ಅದಿರಲಿ, ನಮ್ಮ ಬೇಸಿಗೆಯಲ್ಲಿ ತುಂಬಿದ ಸಿಲಿಂಡರನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗುವವರಿಗೆ ಗುರಿಯ ಚಿಂತೆಗಿಂತ ಮೊದಲು ಬೇರೆ ಚಿಂತೆ ಇರಬೇಕು.

ಪೆಲೆಟ್ಟಿನ ವಿಷಯದಲ್ಲಿ ನಮ್ಮೂರಿಗೆ ತನ್ನದೇ ತೊಂದರೆಯಿದೆ. ನಾನು ಮೊದಲು ಅಭ್ಯಾಸ ಮಾಡುತ್ತಿದ್ದ ಶೆಡ್ಡಿನ ಹಿಂದೆ ತೊಗರಿ ಬೇಳೆಯ ಮಿಲ್ ಇತ್ತು. ಮಿಲ್ ಓಡಿದ ದಿನ ಹಳದಿ ಧೂಳು ಕಿಟಕಿಯ ಸಂದಿಯಿಂದ ಬಂದು ಮೇಜಿನ ಮೇಲೆ ಅರಿಶಿನ ಚೆಲ್ಲಿದಂತೆ ಕೂರುತ್ತಿತ್ತು. ತೆರೆದಿಟ್ಟ ಪೆಲೆಟ್ ಡಬ್ಬಿಗೂ ಇಳಿಯುತ್ತಿತ್ತು. ಪೆಲೆಟ್ ಸೀಸದ್ದು, ಉಗುರಿನಿಂದ ಒತ್ತಿದರೂ ಗುರುತು ಬೀಳುವಷ್ಟು ಮೆತ್ತಗಿನದು. ಅದರ ಹಿಂಭಾಗದ ಲಂಗದಂತಹ ಅಂಚು ಒಂದು ಕಡೆ ನೆಗ್ಗಿದರೆ ಗಾಳಿ ಆ ಸಂದಿಯಿಂದ ಸೋರಿ ಪೆಲೆಟ್ ಓರೆಯಾಗಿ ಹೊರಡುತ್ತದೆ. ಡಬ್ಬಿ ಒಮ್ಮೆ ಪರಸಿಕಲ್ಲಿನ ನೆಲಕ್ಕೆ ಬಿತ್ತೆಂದರೆ ಆ ಡಬ್ಬಿ ಅಭ್ಯಾಸಕ್ಕೆ ಮಾತ್ರ. ತಲೆಯ ಅಳತೆಯೂ ಡಬ್ಬಿಯ ಮೇಲೆ ಇರುತ್ತದೆ: 4.49, 4.50, ಹೀಗೆ. ಬ್ರ್ಯಾಂಡ್ ಅದೇ, ಬಣ್ಣ ಅದೇ, ಅಳತೆ ಮಾತ್ರ ಬೇರೆ ಎಂಬ ಡಬ್ಬಿಯನ್ನು ಅಂಗಡಿಯವನು ಕೊಟ್ಟಿರುತ್ತಾನೆ, ನಾವು ತಿಂಗಳುಗಟ್ಟಲೆ ಮಣಿಕಟ್ಟನ್ನು ಬೈಯುತ್ತಿರುತ್ತೇವೆ. ಇನ್ನೊಂದು ಮಾತು: ಸೀಸ ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯಬೇಡಿ, ತೊಳೆದುಕೊಳ್ಳಿ.

ಒಂದು ಕಟ್ಟುಕತೆಯನ್ನೂ ಇಲ್ಲೇ ಮುಗಿಸುತ್ತೇನೆ. ಬೀದರ್ ಎತ್ತರದಲ್ಲಿದೆ, ಅಲ್ಲಿ ಮಾಡಿದ ಜೀರೋ ಕಲಬುರಗಿಯಲ್ಲಿ ನಡೆಯದು ಎಂದು ಹುಡುಗನ ಗೆಳೆಯರು ಹೇಳಿದ್ದರಂತೆ. ಬೀದರ್ ಕಲಬುರಗಿಗಿಂತ ಎತ್ತರದಲ್ಲಿರುವುದು ನಿಜ, ಅಲ್ಲಿನ ಗಾಳಿ ಒಂದಿಷ್ಟು ತೆಳು ಎಂಬುದೂ ನಿಜ. ಹತ್ತು ಮೀಟರ್ ಓಟದಲ್ಲಿ ಅದರಿಂದ ಆಗುವ ವ್ಯತ್ಯಾಸ ತೂತಿನ ಅಂಚಿನಲ್ಲಿ ಎದ್ದ ಕಾಗದದ ಎಳೆಗಿಂತ ದೊಡ್ಡದೇನಲ್ಲ.

ಊರು ಬದಲಾದಾಗ ನಿಜವಾಗಿ ಬದಲಾಗುವುದು ಬೆಳಕು. ಒಳಾಂಗಣದಲ್ಲಿ ಗುರಿಪಟದ ಮೇಲೆ ಕನಿಷ್ಠ 1500 ಲಕ್ಸ್ ಬೆಳಕಿರಬೇಕೆಂದು ಅಂತರರಾಷ್ಟ್ರೀಯ ನಿಯಮ. ಒಂದೇ ಟ್ಯೂಬ್‌ಲೈಟಿನ ಕೆಳಗೆ ಅಭ್ಯಾಸ ಮಾಡಿದ ಕಣ್ಣಿಗೆ ಅಲ್ಲಿ ಕಪ್ಪು ವೃತ್ತವೇ ಚಿಕ್ಕದಾಗಿ ಕಾಣಬಹುದು, ಅದರ ಕೆಳಗೆ ಬಿಡುವ ಬಿಳಿ ಜಾಗದ ಅಂದಾಜೂ ತಪ್ಪುತ್ತದೆ. ಪಂದ್ಯಕ್ಕೆ ಮೊದಲು ಹದಿನೈದು ನಿಮಿಷ ಎಷ್ಟು ಬೇಕಾದರೂ ಪರೀಕ್ಷಾ ಹೊಡೆತ ಬಿಡಲು ಅವಕಾಶ ಕೊಡುವುದು ಇದಕ್ಕೇ. ಅಲ್ಲಿ ಎರಡು ಮೂರು ಕ್ಲಿಕ್ ತಿರುಗಿಸಿದರೆ ನಾಚಿಕೆಯೇನಿಲ್ಲ, ಗುಂಪು ನೋಡಿ ತಿರುಗಿಸಿದ್ದರೆ ಸಾಕು.

ಕಣ್ಣಿನ ಪಾಠವನ್ನು ನಾನು ದುಬಾರಿ ಬೆಲೆಗೆ ಕಲಿತವನು. ನಲವತ್ತೈದು ದಾಟಿದ ವರ್ಷ ನನ್ನ ಗುಂಪು ಇದ್ದಕ್ಕಿದ್ದಂತೆ ಮೇಲೆ ಕೆಳಗೆ ಉದ್ದವಾಯಿತು. ಸಿಲಿಂಡರ್ ತುಂಬಿಸಿದೆ, ಪೆಲೆಟ್ ಬದಲಿಸಿದೆ, ಸೀಲು ಹಾಕಿಸಿದೆ, ಆರು ವಾರ ಹೋಯಿತು. ಕೊನೆಗೊಂದು ದಿನ ಊರಿ ಹೊಡೆಯುವಾಗ ಕೆನ್ನೆ ಸ್ವಲ್ಪ ಎತ್ತಿದರೆ ಫೋರ್‌ಸೈಟ್ ಸ್ಪಷ್ಟ, ಇಳಿಸಿದರೆ ಮಬ್ಬು ಎಂಬುದು ಗಮನಕ್ಕೆ ಬಂತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಓದಲಿಕ್ಕೂ ನೋಡಲಿಕ್ಕೂ ಒಂದೇ ಆಗುವ ಪ್ರೋಗ್ರೆಸಿವ್ ಕನ್ನಡಕ ಹಾಕಿಸಿಕೊಂಡಿದ್ದೆ. ತಲೆ ಒಂದಿಷ್ಟು ಬಾಗಿದರೂ ಅದರಲ್ಲಿ ನೋಟದ ಶಕ್ತಿ ಬದಲಾಗುತ್ತದೆ. ಪ್ರತಿ ಹೊಡೆತಕ್ಕೂ ನಾನು ಬೇರೆ ಬೇರೆ ಕನ್ನಡಕದಲ್ಲಿ ನೋಡಿದಂತಾಗಿತ್ತು. ದೂರದ ನೋಟದ ಸಂಖ್ಯೆಗೆ ಅರ್ಧದಿಂದ ಮುಕ್ಕಾಲು ಡಯಾಪ್ಟರ್ ಕೂಡಿಸಿದ ಒಂದೇ ಶಕ್ತಿಯ ಗಾಜು ಹಾಕಿಸಿದ ಮೇಲೆ ಚಾಚಿದ ತೋಳಿನ ತುದಿಯ ಪಟ್ಟಿ ಮತ್ತೆ ಚೂಪಾಯಿತು. ಹೊಸ ಸೀಲಿಗೆ ಕೊಟ್ಟ ದುಡ್ಡು ಮಾತ್ರ ಹೋದದ್ದೇ.

ಬೆರಳಿನ ತಪ್ಪುಗಳ ಬಗ್ಗೆ ಗಡಿಯಾರದಂಥ ಒಂದು ಚಿತ್ರ ಎಲ್ಲ ಶೂಟರ್‌ಗಳ ಮೊಬೈಲಿನಲ್ಲೂ ಇರುತ್ತದೆ: ಬಲಗೈಯವರ ಹೊಡೆತ ಎಡಕ್ಕೆ ಕೆಳಗೆ ಬಿದ್ದರೆ ಟ್ರಿಗರ್ ಕಿತ್ತಿದ್ದಾರೆ, ಮೇಲೆ ಹೋದರೆ ಅಂಗೈಯಿಂದ ನೂಕಿದ್ದಾರೆ, ಹೀಗೆ. ಸುಳ್ಳಲ್ಲ, ಆದರೆ ಜೀರೋ ಸರಿಯಿದೆ ಎಂದು ಖಾತ್ರಿಯಾಗುವ ಮೊದಲು ಅದನ್ನು ನೋಡಿ ಉಪಯೋಗವಿಲ್ಲ.

ಹುಡುಗನನ್ನು ಮೇಜಿನ ಮುಂದೆ ಕೂರಿಸಿ ಚೀಲದ ಮೇಲೆ ಊರಿ ಹತ್ತು ಹೊಡೆತ ಬಿಡಿಸಿದೆ. ಗುರಿಪಟದ ಕಾರ್ಡು ಹತ್ತಿರಕ್ಕೆ ಎಳೆದುಕೊಂಡು ನೋಡಿದರೆ ಒಂದರ ಬದಲು ಎರಡು ಗುಂಪು: ಆರು ತೂತು ಒಟ್ಟಾಗಿ, ನಾಲ್ಕು ಅವುಗಳಿಂದ ಎರಡು ಸೆಂಟಿಮೀಟರ್ ಎಡಕ್ಕೆ. ಒಂದೊಂದು ಗುಂಪೂ ಕಡಲೆಕಾಳಿನಷ್ಟು ಬಿಗಿ. ಪೆಲೆಟ್ ಒಂದೇ ಡಬ್ಬಿಯದು, ಒತ್ತಡ 140 ಬಾರ್. ಪಿಸ್ತೂಲು ಖಾಲಿಯಿದೆ ಎಂದು ಇಬ್ಬರೂ ನೋಡಿಕೊಂಡೆವು, ಸುರಕ್ಷತೆಯ ಹಗ್ಗವನ್ನು ಬ್ಯಾರೆಲಿನುದ್ದಕ್ಕೂ ತೂರಿಸಿದೆವು. ಆಮೇಲೆ ನಾನು ಹೆಬ್ಬೆರಳಿನ ಉಗುರನ್ನು ಫೋರ್‌ಸೈಟಿನ ಪಟ್ಟಿಗೆ ತಾಗಿಸಿ ಮೆಲ್ಲಗೆ ಒತ್ತಿದೆ. ಕಣ್ಣಿಗೆ ಏನೂ ಕಾಣಲಿಲ್ಲ, ಉಗುರಿಗೆ ಮಾತ್ರ ತಿಳಿಯಿತು: ಕಟಕ್. ಮತ್ತೆ ಈಚೆಗೆ, ಕಟಕ್. ಪಟ್ಟಿ ಬಲಕ್ಕೆ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ಸರಿಯುತ್ತಿತ್ತು. ಅದನ್ನು ಮೂವತ್ತರಿಂದ ಗುಣಿಸು ಎಂದೆ. ಹುಡುಗ ಮನಸ್ಸಿನಲ್ಲೇ ಗುಣಿಸಿ ಕಾರ್ಡಿನ ಮೇಲಿನ ಎರಡು ಗುಂಪುಗಳನ್ನು ನೋಡಿದ.

ಪಟ್ಟಿಯ ಬುಡದ ಸ್ಕ್ರೂ ಅಲೆನ್ ಕೀಗೆ ಕಾಲು ಸುತ್ತು ಬಿಗಿಯಿತು. ನನ್ನ ಮಗಳ ಉಗುರು ಬಣ್ಣದ ಸೀಸೆ ಈ ಕೆಲಸಕ್ಕೆಂದೇ ನನ್ನ ಪೆಟ್ಟಿಗೆಯಲ್ಲಿರುತ್ತದೆ. ಸ್ಕ್ರೂವಿನ ತಲೆಯಿಂದ ಲೋಹದ ಮೇಲೆ ಸಾಗುವಂತೆ ಒಂದು ಕೆಂಪು ಗೆರೆ ಎಳೆದೆ. ಮುಂದೆ ಸಡಿಲವಾದರೆ ಗೆರೆ ಮುರಿದು ತಾನೇ ಹೇಳುತ್ತದೆ. ಆಮೇಲೆ ಸ್ಕ್ರೂಡ್ರೈವರ್ ವಾಪಸು ಕೊಟ್ಟೆ. ವಾರವಿಡೀ ಅಲೆದಾಡಿದ್ದ ಬ್ಯಾಕ್‌ಸೈಟನ್ನು ಅವನೇ ನಿಂತು, ಹತ್ತು ಹತ್ತು ಹೊಡೆತದ ಮೂರು ಗುಂಪು ನೋಡಿ, ನಡುವಿಗೆ ತಂದ. ಅಷ್ಟರಲ್ಲಿ ಒಂಬತ್ತು ಗಂಟೆಯಾಗಿ ತಗಡು ಚಟಗುಟ್ಟತೊಡಗಿತ್ತು. ಹೊರಡುವಾಗ ಬೆವರಿಗೆ ಒದ್ದೆಯಾದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡ: ಕೆಳತುದಿಯಿಂದ 34, ಎಡತುದಿಯಿಂದ 21.